ಕಡಿಮೆ ಖರ್ಚಿನಲ್ಲಿ ಕಡಲ ದಂಡೆಯ ಸೈಕಲ್ ಪ್ರವಾಸ: ದಿನ ಅಷ್ಟೇ ಇರಲಿ, ದೂರ ಕಡಿಮೆ ಮಾಡಿ

ಪ್ರಶ್ನೆ: ನಾನು, ನನ್ನ ಹೆಂಡತಿ, ಹದಿನಾಲ್ಕು ವರ್ಷದ ಮಗಳು ಮೂವರೂ ಮುಂದಿನ ರಜೆಯಲ್ಲಿ ಕಡಲ ದಂಡೆಯುದ್ದಕ್ಕೂ ಸೈಕಲ್ ಪ್ರವಾಸ ಹೋಗಬೇಕೆಂದಿದ್ದೇವೆ. ಸಿಗುವುದು ಹತ್ತು ದಿನ, ಹಣವೂ ಹೆಚ್ಚಿಲ್ಲ. ಹಾಗಾಗಿ ಟೆಂಟ್ ಒಯ್ದು, ಅಡುಗೆ ನಾವೇ ಮಾಡಿಕೊಳ್ಳೋಣ ಎಂದುಕೊಂಡಿದ್ದೇವೆ. ಯಾವ ಕರಾವಳಿ ಎಂದು ಇನ್ನೂ ತೀರ್ಮಾನವಾಗಿಲ್ಲ, ಎರಡು ಮೂರು ಮನಸ್ಸಿನಲ್ಲಿವೆ. ಸಮುದ್ರದ ಪಕ್ಕದ ರಸ್ತೆ ಸಪಾಟಾಗಿರುತ್ತದೆ, ಎಂಟು ದಿನದಲ್ಲಿ 600 ಕಿಲೋಮೀಟರ್ ಸಲೀಸು ಎನ್ನುತ್ತಾರೆ ನನ್ನ ಭಾವ. ಬೀಚಿನಲ್ಲೇ ಟೆಂಟ್ ಹಾಕಿದರೆ ಬಾಡಿಗೆ ಉಳಿಯುತ್ತದೆ, ಸೀಸನ್ ಅಲ್ಲದಾಗ ಹೋದರೆ ಎಲ್ಲವೂ ಅರ್ಧ ದರಕ್ಕೆ ಸಿಗುತ್ತದೆ ಎನ್ನುತ್ತಾರೆ ಸ್ನೇಹಿತರು. ಮಲಗಿದ್ದಾಗ ನೀರು ಉಕ್ಕಿ ಬಂದರೆ ಏನು ಮಾಡುವುದು ಎಂದು ನನ್ನ ಹೆಂಡತಿಗೆ ಭಯ. ಒಳ್ಳೆಯ ಟೆಂಟ್, ಬ್ಯಾಗುಗಳ ಬೆಲೆ ನೋಡಿದ ಮೇಲೆ ಇದಕ್ಕಿಂತ ಹೋಟೆಲೇ ಅಗ್ಗವೇನೋ ಎಂದು ನನಗೆ ಅನುಮಾನ. ಎಲ್ಲಿಗೇ ಹೋದರೂ ಉಪಯೋಗಕ್ಕೆ ಬರುವಂತೆ ದಾರಿ ತೋರಿಸಿ.

ಉತ್ತರ: ನಿಮ್ಮ ಪತ್ರದಲ್ಲಿ ಎರಡು ಚಿಂತೆಗಳಿವೆ. ನಿಮಗೆ ಹಣದ್ದು, ನಿಮ್ಮ ಮನೆಯವರಿಗೆ ಮಗಳ ಸುರಕ್ಷತೆಯದು. ಒಂದೊಂದನ್ನೇ ಬಿಡಿಯಾಗಿ ಬಗೆಹರಿಸಲು ಹೋದರೆ ಇನ್ನೊಂದು ಕೆಡುತ್ತದೆ. ದುಡ್ಡು ಉಳಿಸಲೆಂದು ಮರಳ ಮೇಲೆ ಮಲಗಿದರೆ ಅವರಿಗೆ ನಿದ್ದೆ ಬರುವುದಿಲ್ಲ, ಅವರ ಸಮಾಧಾನಕ್ಕೆಂದು ದಿನಾ ಕೋಣೆ ಹಿಡಿದರೆ ನಿಮಗೆ ನಿದ್ದೆ ಬರುವುದಿಲ್ಲ. ನಾನು ಹೇಳುವ ಉಪಾಯ ಎರಡಕ್ಕೂ ಒಂದೇ. 600 ಕಿ.ಮೀ. ಆಸೆ ಬಿಟ್ಟುಬಿಡಿ. ನಿಮ್ಮ ಮನಸ್ಸಿನಲ್ಲಿರುವ ಕರಾವಳಿಯಲ್ಲಿ ಅತ್ಯಂತ ಚಂದದ 200ರಿಂದ 250 ಕಿ.ಮೀ. ತುಂಡನ್ನು ಆರಿಸಿ, ಹತ್ತೂ ದಿನವನ್ನು ಅದಕ್ಕೇ ಕೊಡಿ.

ಕಡಲ ದಂಡೆಯಲ್ಲಿ ಪ್ರವಾಸ ಕರೆದೊಯ್ಯುವುದೇ ನನ್ನ ಕೆಲಸ. ಬಜೆಟ್ ಮೀರಿದ ಪ್ರವಾಸಗಳ ಲೆಕ್ಕ ಬಿಚ್ಚಿ ನೋಡಿದಾಗಲೆಲ್ಲ ಹಣ ಸೋರಿರುವುದು ಯೋಜನೆ ತಪ್ಪಿದ ಒಂದೋ ಎರಡೋ ದಿನಗಳಲ್ಲಿ. ಅಂಥ ದಿನ ಹೀಗಿರುತ್ತದೆ. ಬೆಳಿಗ್ಗೆ ಟೆಂಟ್ ಮಡಚಿ ಹೊರಡುವ ಹೊತ್ತಿಗೆ ಒಂಬತ್ತೂವರೆ. ಹನ್ನೊಂದಕ್ಕೆ ಎದುರುಗಾಳಿ ಶುರು. 75 ಕಿ.ಮೀ. ಹೋಗಬೇಕಾದವರು ನಾಲ್ಕು ಗಂಟೆಗೆ 35ರಲ್ಲಿ ಇರುತ್ತಾರೆ. ಮುಂಗಡ ಕೊಟ್ಟ ಟೆಂಟ್ ಜಾಗ ಇನ್ನೂ 40 ಕಿ.ಮೀ. ಮುಂದಿದೆ, ಹುಡುಗಿಗೆ ಕಾಲು ಬರುತ್ತಿಲ್ಲ, ಕತ್ತಲಾಗುತ್ತಿದೆ. ಆಗ ಮೂರು ಸೈಕಲ್ ಹಿಡಿಸುವ ವಾಹನದವನು ಕೇಳಿದಷ್ಟು ಕೊಡಬೇಕು, ಇಲ್ಲವೇ ಸಿಕ್ಕ ಮೊದಲ ಕೋಣೆಗೆ ಅವರು ಹೇಳಿದ ಬಾಡಿಗೆ ಕೊಡಬೇಕು. ಮುಂಗಡದ ಹಣವೂ ಹೋಯಿತು. ಅಡುಗೆ ಮಾಡುವ ತ್ರಾಣ ಯಾರಿಗೂ ಇಲ್ಲ, ಊಟ ಹೊರಗೆ. ನಾಲ್ಕು ರಾತ್ರಿ ಟೆಂಟಿನಲ್ಲಿ ಮಲಗಿ ಉಳಿಸಿದ್ದು ಒಂದೇ ಸಂಜೆಯಲ್ಲಿ ಖಾಲಿ. ಎಂಟು ದಿನಕ್ಕೆ ಎಂಟು ದಿನದ ದೂರವನ್ನೇ ತುಂಬಿಟ್ಟವರಿಗೆ ಇದರಿಂದ ತಪ್ಪಿಸಿಕೊಳ್ಳಲು ಜಾಗವೇ ಇರುವುದಿಲ್ಲ. ಒಂದು ದಿನ ಕೈಯಲ್ಲಿ ಉಳಿಸಿಕೊಂಡವರು ಗಾಳಿ ಎದ್ದ ಕೂಡಲೇ ಹತ್ತಿರದ ಜಾಗದಲ್ಲಿ ಟೆಂಟ್ ಹಾಕಿ, ಅನ್ನ ಬೇಯಿಸಿಕೊಂಡು ಮಲಗುತ್ತಾರೆ.

ಇನ್ನು ನಿಮ್ಮ ಭಾವ ಹೇಳಿದ ಮಾತು. ಸಮುದ್ರದ ಮಟ್ಟ ಒಂದೇ ಇರುತ್ತದೆ, ಪಕ್ಕದ ರಸ್ತೆ ಹಾಗಿರಬೇಕಿಲ್ಲ. ನದಿಗಳು ಬೆಟ್ಟದಿಂದ ಇಳಿದು ಕಡಲು ಸೇರುವಲ್ಲಿ ನೆಲವನ್ನು ಕೊರೆದು ಅಳಿವೆ ಮಾಡಿರುತ್ತವೆ, ಎರಡು ಅಳಿವೆಗಳ ನಡುವೆ ಗಟ್ಟಿ ಬಂಡೆಯ ಭೂಶಿರ ನಿಂತಿರುತ್ತದೆ. ರಸ್ತೆ ಪ್ರತಿ ಅಳಿವೆಗೂ ಇಳಿಯುತ್ತದೆ, ಪ್ರತಿ ಭೂಶಿರಕ್ಕೂ ಏರುತ್ತದೆ. ಒಂದೊಂದು ಏರು 40 ಮೀಟರ್ ಮಾತ್ರ ಇರಬಹುದು. ಅಂಥ ಹತ್ತು ಬಂದರೆ ಸಂಜೆಯೊಳಗೆ 400 ಮೀಟರ್ ಹತ್ತಿದಂತಾಯಿತು, ಅದೂ ಟೆಂಟ್, ಪಾತ್ರೆ, ನೀರು ಹೊತ್ತುಕೊಂಡು. ಇಂಗ್ಲೆಂಡಿನ ನೈಋತ್ಯ ಮೂಲೆಯನ್ನು ಸುತ್ತುವ ಸೌತ್ ವೆಸ್ಟ್ ಕೋಸ್ಟ್ ಪಾಥ್ ಎಂಬ ಕಾಲುದಾರಿ ಸುಮಾರು 1,014 ಕಿ.ಮೀ. ಉದ್ದವಿದೆ. ಎಲ್ಲೂ ಕಡಲಿನಿಂದ ದೂರ ಹೋಗದ ಆ ದಾರಿಯನ್ನು ಪೂರ್ತಿ ನಡೆದವರು ಒಟ್ಟು ಹತ್ತುವ ಎತ್ತರ ಸುಮಾರು 35,000 ಮೀಟರ್, ಎವರೆಸ್ಟಿನ ಎತ್ತರದ ನಾಲ್ಕು ಪಟ್ಟು. ನಿಜವಾಗಿ ಸಪಾಟಾದ ಕರಾವಳಿಗಳೂ ಇವೆ. ಉದ್ದನೆಯ ಮರಳ ದಂಡೆ, ಹಿಂದೆ ಹಿನ್ನೀರು ಅಥವಾ ಜೌಗು ಇರುವ ಕಡೆ ರಸ್ತೆ ಮಟ್ಟಸವಾಗಿರುತ್ತದೆ. ಆದರೆ ಫೋಟೋ ನೋಡಿ ನಾವು ಮನಸೋಲುವ ಜಾಗಗಳು, ಅಂದರೆ ಕಡಿದಾದ ಬಂಡೆ, ಕೆಳಗೆ ಪುಟ್ಟ ಕೊಲ್ಲಿ, ಮೇಲಿಂದ ಕಾಣುವ ನೀಲಿ, ಎಲ್ಲವೂ ಏರಿಳಿತದ ಜಾಗಗಳೇ. ಆದ್ದರಿಂದ ದಾರಿ ಆರಿಸುವಾಗ ನಕ್ಷೆಯಲ್ಲಿ ದೂರದ ಜತೆ ಒಟ್ಟು ಏರು ಎಷ್ಟು ಎಂಬುದನ್ನೂ ನೋಡಿ. ಸೈಕಲ್ ದಾರಿ ತೋರಿಸುವ ಹೆಚ್ಚಿನ ಆ್ಯಪ್‌ಗಳಲ್ಲಿ ಅದು ಸಿಗುತ್ತದೆ.

ಏರಿಗಿಂತ ಗಾಳಿ ಹೆಚ್ಚು ದಣಿಸುತ್ತದೆ. ಏರಿನ ಆಚೆಗೆ ಇಳಿಜಾರು ಸಿಗುತ್ತದೆ, ಎದುರುಗಾಳಿಯಲ್ಲಿ ತುಳಿದ ಶ್ರಮಕ್ಕೆ ಏನೂ ವಾಪಸು ಬರುವುದಿಲ್ಲ. ಗಂಟೆಗೆ 15 ಕಿ.ಮೀ. ವೇಗದಲ್ಲಿ ಹೋಗುತ್ತಿರುವಾಗ ಎದುರಿನಿಂದ ಅಷ್ಟೇ ವೇಗದ ಗಾಳಿ ಬೀಸಿದರೆ ಮೈಗೆ ತಾಗುವುದು 30 ಕಿ.ಮೀ. ವೇಗದ ಗಾಳಿ. ಗಾಳಿಯ ತಡೆ ವೇಗದ ವರ್ಗದ ಲೆಕ್ಕದಲ್ಲಿ ಏರುತ್ತದೆ, ಹಾಗಾಗಿ ವೇಗ ಎರಡರಷ್ಟಾದಾಗ ತಡೆ ನಾಲ್ಕರಷ್ಟಾಗುತ್ತದೆ. ಸೈಕಲ್ಲಿನ ಎರಡೂ ಬದಿ ಬ್ಯಾಗು ತೂಗುಹಾಕಿದ್ದರೆ ಇನ್ನೂ ಹೆಚ್ಚು.

ಒಳ್ಳೆಯ ಸಂಗತಿ ಎಂದರೆ ಕಡಲ ಗಾಳಿಗೆ ಒಂದು ದಿನಚರಿ ಇದೆ. ಬಿಸಿಲೇರಿದಂತೆ ನೆಲ ಬೇಗ ಕಾಯುತ್ತದೆ, ನೀರು ನಿಧಾನ. ನೆಲದ ಮೇಲಿನ ಗಾಳಿ ಬಿಸಿಯಾಗಿ ಮೇಲೆದ್ದಾಗ ಆ ಜಾಗ ತುಂಬಲು ಕಡಲ ಕಡೆಯಿಂದ ತಂಪು ಗಾಳಿ ಬರುತ್ತದೆ. ಬಿಸಿಲಿನ ದಿನಗಳಲ್ಲಿ ಇದು ಬೆಳಿಗ್ಗೆ ಹತ್ತು ಹನ್ನೊಂದರ ಹೊತ್ತಿಗೆ ಹುಟ್ಟಿ, ಮಧ್ಯಾಹ್ನ ಎರಡು ಮೂರಕ್ಕೆ ಜೋರಾಗಿ, ಸೂರ್ಯ ಮುಳುಗುವ ವೇಳೆಗೆ ಸತ್ತುಹೋಗುತ್ತದೆ. ಬೆಳಕು ಹರಿಯುವಾಗಲೇ ಸೈಕಲ್ ಹತ್ತಿ ಹನ್ನೊಂದರೊಳಗೆ ಆ ದಿನದ ದೂರ ಮುಗಿಸುವವರು ಅದೇ ರಸ್ತೆಯನ್ನು ಅರ್ಧ ಶ್ರಮದಲ್ಲಿ ದಾಟುತ್ತಾರೆ. ಇದು ಬಿಡಿಗಾಸೂ ಖರ್ಚಿಲ್ಲದ ಸೌಲಭ್ಯ. ದಿನಕ್ಕೆ 35ರಿಂದ 45 ಕಿ.ಮೀ. ಇಟ್ಟುಕೊಂಡರೆ ಮಾತ್ರ ದಕ್ಕುತ್ತದೆ, 75 ಇಟ್ಟುಕೊಂಡರೆ ಮಧ್ಯಾಹ್ನದ ಗಾಳಿಗೆ ಸಿಕ್ಕಿಬೀಳುವುದು ಖಚಿತ.

ಋತುವಿಡೀ ಒಂದೇ ದಿಕ್ಕಿನಿಂದ ಬೀಸುವ ಗಾಳಿ ಬೇರೆ. ಅದು ನಿಮ್ಮ ಪ್ರವಾಸ ಯಾವ ತುದಿಯಿಂದ ಶುರುವಾಗಬೇಕು ಎಂಬುದನ್ನು ತೀರ್ಮಾನಿಸುತ್ತದೆ. ಅಮೆರಿಕದ ಪಶ್ಚಿಮ ಕರಾವಳಿಯಲ್ಲಿ ಬೇಸಿಗೆಯಲ್ಲಿ ವಾಯುವ್ಯದ ಗಾಳಿ ಹೆಚ್ಚು, ಹಾಗಾಗಿ ಅಲ್ಲಿ ಹೆಚ್ಚಿನ ಸೈಕಲ್ ಪ್ರವಾಸಿಗರು ಉತ್ತರದಿಂದ ದಕ್ಷಿಣಕ್ಕೇ ಹೋಗುತ್ತಾರೆ. ವಾಹನಗಳು ಬಲಬದಿಯಲ್ಲಿ ಓಡುವ ಆ ದೇಶದಲ್ಲಿ ಹಾಗೆ ಹೋದರೆ ಕಡಲೂ ಬಲಕ್ಕೇ ಬರುತ್ತದೆ, ನೋಟಕ್ಕೆ ಅಡ್ಡಿಯಿಲ್ಲ, ನಿಂತು ನೋಡಲು ರಸ್ತೆ ದಾಟಬೇಕಿಲ್ಲ. ಎಡಬದಿಯಲ್ಲಿ ಓಡಿಸುವ ದೇಶಗಳಲ್ಲಿ ಕಡಲು ಎಡಕ್ಕಿರುವಂತೆ ದಿಕ್ಕು ಆರಿಸಿ. ಮಗಳು ಜತೆಗಿರುವಾಗ ಈ ರಸ್ತೆ ದಾಟುವ ವಿಷಯ ಸಣ್ಣದಲ್ಲ. ಗಾಳಿಯ ದಿಕ್ಕೂ ಕಡಲ ಬದಿಯೂ ಹೊಂದದಿದ್ದರೆ ಗಾಳಿಯ ಮಾತು ಕೇಳಿ, ನಿಲ್ಲುವ ಜಾಗಗಳನ್ನು ಮೊದಲೇ ಗುರುತಿಸಿಟ್ಟುಕೊಳ್ಳಿ.

ನಿಮ್ಮ ಮನೆಯವರ ಪ್ರಶ್ನೆಗೆ ಬರುತ್ತೇನೆ. ಅವರ ಭಯಕ್ಕೆ ಆಧಾರವಿದೆ, ಆದರೆ ಉಬ್ಬರ ಹೇಳದೆ ಕೇಳದೆ ಬರುವಂಥದ್ದಲ್ಲ. ಚಂದ್ರ, ಸೂರ್ಯರ ಸೆಳೆತದಿಂದ ಆಗುವುದಾದ್ದರಿಂದ ಅದರ ವೇಳೆಯನ್ನು ವರ್ಷ ಮೊದಲೇ ಲೆಕ್ಕ ಹಾಕಿ ಪಟ್ಟಿ ಮಾಡಿರುತ್ತಾರೆ. ಹೆಚ್ಚಿನ ಕರಾವಳಿಗಳಲ್ಲಿ ಒಂದು ಉಬ್ಬರಕ್ಕೂ ಮುಂದಿನದಕ್ಕೂ ಸುಮಾರು 12 ಗಂಟೆ 25 ನಿಮಿಷದ ಅಂತರ, ಹಾಗಾಗಿ ದಿನದಿಂದ ದಿನಕ್ಕೆ ವೇಳೆ ಸುಮಾರು 50 ನಿಮಿಷ ಮುಂದೆ ಹೋಗುತ್ತದೆ. ಹುಣ್ಣಿಮೆ, ಅಮಾವಾಸ್ಯೆಗಳ ಆಸುಪಾಸಿನಲ್ಲಿ ಉಬ್ಬರ ಅತಿ ಎತ್ತರಕ್ಕೆ ಏರಿ ಅಷ್ಟೇ ಕೆಳಕ್ಕೆ ಇಳಿಯುತ್ತದೆ, ಅಷ್ಟಮಿಯ ಹೊತ್ತಿಗೆ ಏರಿಳಿತ ಕಡಿಮೆ. ಎಷ್ಟು ಎತ್ತರ ಎಂಬುದು ಮಾತ್ರ ಜಾಗದಿಂದ ಜಾಗಕ್ಕೆ ಬಹಳ ಬೇರೆ. ಮೆಡಿಟರೇನಿಯನ್ ದಂಡೆಯ ಬಹುಪಾಲು ಕಡೆ ಅರ್ಧ ಮೀಟರೂ ಇಲ್ಲ, ಕೆನಡಾದ ಫಂಡಿ ಕೊಲ್ಲಿಯಲ್ಲಿ 16 ಮೀಟರ್ ತನಕ ಹೋಗುತ್ತದೆ. ಒಂದು ಕರಾವಳಿಯ ಅನುಭವವನ್ನು ಇನ್ನೊಂದಕ್ಕೆ ಒಯ್ಯಬೇಡಿ.

ಜನ ತಪ್ಪು ತಿಳಿಯುವುದು ನೀರು ಏರುವ ವೇಗದ ಬಗ್ಗೆ. ಆರು ಗಂಟೆಯಲ್ಲಿ ಅದು ಒಂದೇ ಸಮನೆ ಏರುವುದಿಲ್ಲ. ಒಟ್ಟು ಏರಿಕೆಯನ್ನು ಹನ್ನೆರಡು ಪಾಲು ಮಾಡಿದರೆ, ಮೊದಲ ಗಂಟೆಯಲ್ಲಿ ಒಂದು ಪಾಲು, ಎರಡನೆಯದರಲ್ಲಿ ಎರಡು, ಮೂರು ಮತ್ತು ನಾಲ್ಕನೆಯ ಗಂಟೆಗಳಲ್ಲಿ ತಲಾ ಮೂರು, ಆಮೇಲೆ ಎರಡು, ಕೊನೆಗೆ ಒಂದು ಎಂಬುದು ದೋಣಿಯವರು ಬಳಸುವ ಅಂದಾಜು. ಅಂದರೆ ನಡುವಿನ ಎರಡೇ ಗಂಟೆಯಲ್ಲಿ ಅರ್ಧ ನೀರು ಬಂದುಬಿಡುತ್ತದೆ. ಇಳಿತದಲ್ಲಿ ಬಂಡೆಯ ಬುಡ ಸುತ್ತಿಕೊಂಡು ಪಕ್ಕದ ಪುಟ್ಟ ಬೀಚಿಗೆ ಹೋಗಿ ಕುಳಿತವರು ವಾಪಸು ಬರಲಾಗದೆ ಸಿಕ್ಕಿಕೊಳ್ಳುವುದು ಹೀಗೆಯೇ. ಟೆಂಟಿನಲ್ಲಿ ಮಲಗಿದವರಿಗಿಂತ ಹೀಗೆ ಹಗಲಲ್ಲಿ ಸುತ್ತಲು ಹೋದವರ ಬಗ್ಗೆ ನನಗೆ ಹೆಚ್ಚು ಆತಂಕ. ಮಗಳಿಗೆ ಇದನ್ನು ಮೊದಲೇ ಹೇಳಿಕೊಡಿ: ಇಳಿತದ ಸಮಯಕ್ಕೆ ಮುಂಚೆ ಹೋಗಬೇಕು, ಇಳಿತ ಮುಗಿದು ನೀರು ತಿರುಗುತ್ತಲೇ ಹೊರಡಬೇಕು.

ಪಟ್ಟಿಗೂ ಒಂದು ಮಿತಿಯಿದೆ. ಅದು ಹವಾಮಾನವನ್ನು ಲೆಕ್ಕಕ್ಕೆ ಹಿಡಿಯುವುದಿಲ್ಲ. ವಾಯುಭಾರ ಒಂದು ಹೆಕ್ಟೊಪ್ಯಾಸ್ಕಲ್ ಇಳಿದರೆ ಸಮುದ್ರದ ಮಟ್ಟ ಸುಮಾರು ಒಂದು ಸೆಂಟಿಮೀಟರ್ ಏರುತ್ತದೆ. ಜತೆಗೆ ದಡದ ಕಡೆ ಗಾಳಿ ಬೀಸುತ್ತಿದ್ದರೆ ನೀರು ಪಟ್ಟಿಯಲ್ಲಿರುವುದಕ್ಕಿಂತ ಬಹಳ ಮೇಲೆ ಬರಬಹುದು. ಆದ್ದರಿಂದ ಕಣ್ಣಿಂದ ನೋಡಿಯೂ ಖಚಿತ ಮಾಡಿಕೊಳ್ಳಬೇಕು. ದಡಕ್ಕೆ ಹೋದಾಗ ನೀರಿನ ಅಂಚಿನಿಂದ ಮೇಲಕ್ಕೆ ನಡೆಯುತ್ತಾ ನೆಲ ನೋಡಿ. ಮೊದಲು ಒದ್ದೆ ಮರಳು, ಆಮೇಲೆ ಹಸಿ ಪಾಚಿ, ಚಿಪ್ಪುಗಳ ಒಂದು ಸಾಲು. ಅದು ಇವತ್ತಿನ ಉಬ್ಬರ ಮುಟ್ಟಿದ ಗೆರೆ. ಇನ್ನೂ ಮೇಲೆ ಒಣಗಿ ಕಪ್ಪಾದ ಪಾಚಿ, ಕಡ್ಡಿ, ಹಗ್ಗದ ತುಂಡು, ಬಾಟಲಿ ಸೇರಿದ ಇನ್ನೊಂದು ಸಾಲು ಸಿಗುತ್ತದೆ. ಅದು ಹಿಂದಿನ ಹುಣ್ಣಿಮೆಯದೋ ಅಮಾವಾಸ್ಯೆಯದೋ. ಅದಕ್ಕೂ ಮೇಲೆ, ಕೆಲವೊಮ್ಮೆ ಗಿಡಗಳ ಬುಡದಲ್ಲೇ, ದೊಡ್ಡ ಮರದ ದಿಮ್ಮಿ ಬಿದ್ದಿದ್ದರೆ ಬಿರುಗಾಳಿಯ ದಿನ ಕಡಲು ಅಲ್ಲಿಯವರೆಗೂ ಬಂದಿತ್ತು ಎಂದು ಅರ್ಥ. ಟೆಂಟ್ ಇರಬೇಕಾದ್ದು ಆ ಕೊನೆಯ ಗುರುತಿನ ಆಚೆಗೆ. ಒಣಗಿದ ಹೊಳೆಯ ಪಾತ್ರದಲ್ಲಿ ಬೇಡ, ಕಡಿಬಂಡೆಯ ಬುಡದಲ್ಲಿ ಬೇಡ, ಬಂಡೆಯ ತುದಿಯಲ್ಲಂತೂ ಬೇಡವೇ ಬೇಡ. ಕಡಲು ಕೆಳಗಿನಿಂದ ಕೊರೆದಿರುವುದು ಮೇಲೆ ನಿಂತವರಿಗೆ ಕಾಣುವುದಿಲ್ಲ. ಇನ್ನೊಂದು ಮಾತು: ಭೂಮಿ ಜೋರಾಗಿ ಅಥವಾ ತುಂಬ ಹೊತ್ತು ಕಂಪಿಸಿದರೆ, ಇಲ್ಲವೇ ಕಡಲು ವೇಳೆಯಲ್ಲದ ವೇಳೆಯಲ್ಲಿ ದೂರ ಹಿಂದೆ ಸರಿದರೆ, ಸೂಚನೆಗೆ ಕಾಯದೆ ಸಾಮಾನು ಬಿಟ್ಟು ಎತ್ತರದ ಜಾಗಕ್ಕೆ ಹೋಗಿ. ಅದು ಸುನಾಮಿಯ ಲಕ್ಷಣ.

ಇಷ್ಟೆಲ್ಲ ಹೇಳಿದ ಮೇಲೂ ಬೀಚಿನಲ್ಲಿ ಮಲಗುವ ಯೋಜನೆಯನ್ನು ನಿಮಗೆ ನಾನು ಶಿಫಾರಸು ಮಾಡುವುದಿಲ್ಲ. ಮೊದಲ ಕಾರಣ ಕಾನೂನು. ನಾರ್ವೆಯಲ್ಲಿ 1957ರ ಕಾಯ್ದೆಯ ಪ್ರಕಾರ ಉಳುಮೆ ಇಲ್ಲದ ಬಯಲಿನಲ್ಲಿ ಯಾರು ಬೇಕಾದರೂ ಟೆಂಟ್ ಹಾಕಬಹುದು, ಜನ ವಾಸವಿರುವ ಮನೆಯಿಂದ 150 ಮೀಟರ್ ದೂರ ಇರಬೇಕು. ಸ್ಕಾಟ್ಲೆಂಡಿನಲ್ಲಿ 2003ರ ಭೂ ಸುಧಾರಣಾ ಕಾಯ್ದೆ ಅಂಥದೇ ಹಕ್ಕು ಕೊಟ್ಟಿದೆ. ಅಲ್ಲಿಂದ ಗಡಿ ದಾಟಿ ಇಂಗ್ಲೆಂಡಿಗೆ ಬಂದರೆ ಬಹುತೇಕ ಕಡೆ ಜಾಗದ ಮಾಲೀಕರ ಅನುಮತಿ ಬೇಕು. ಒಂದೇ ದ್ವೀಪದಲ್ಲೇ ಇಷ್ಟು ವ್ಯತ್ಯಾಸ ಇರುವಾಗ ಕೇಳಿ ತಿಳಿದುಕೊಳ್ಳದೆ ಹೊರಡುವುದು ಸರಿಯಲ್ಲ. ರಾತ್ರಿ ಎಬ್ಬಿಸಿ ಕಳಿಸಿದರೆ ಅಥವಾ ದಂಡ ಹಾಕಿದರೆ ಉಳಿದ ಬಾಡಿಗೆಯ ಹಲವು ಪಟ್ಟು ಹೋಗುತ್ತದೆ. ಎರಡನೆಯದು, ದಡದಲ್ಲಿ ನಮಗಿಂತ ಮೊದಲಿನ ನಿವಾಸಿಗಳಿದ್ದಾರೆ. ಕಡಲಾಮೆ ಮೊಟ್ಟೆ ಇಡುವ ದಂಡೆಯಲ್ಲಿ ಮರಿಗಳು ರಾತ್ರಿ ಹೊರಬಂದು ಬೆಳಕು ಹೆಚ್ಚಿರುವ ಕಡೆ, ಅಂದರೆ ನೀರಿನತ್ತ, ನಡೆಯುತ್ತವೆ. ಟಾರ್ಚು, ದೀಪ ಕಂಡರೆ ದಾರಿ ತಪ್ಪಿ ಒಳನಾಡಿನ ಕಡೆ ಹೋಗಿ ಸಾಯುತ್ತವೆ. ಎಷ್ಟೋ ಹಕ್ಕಿಗಳು ಬರಿಯ ಮರಳ ಮೇಲೇ ಮೊಟ್ಟೆ ಇಡುತ್ತವೆ, ಕಾಲಿಟ್ಟ ಮೇಲೂ ತಿಳಿಯದಷ್ಟು ಅವು ಮರಳಿನ ಬಣ್ಣದಲ್ಲಿ ಬೆರೆತಿರುತ್ತವೆ. ಮೂರನೆಯದಾಗಿ, ಬೀಚಿನಲ್ಲಿ ಕುಡಿಯುವ ನೀರಿಲ್ಲ, ಶೌಚಾಲಯವಿಲ್ಲ, ಸೈಕಲ್ ಕಟ್ಟಲು ಕಂಬವಿಲ್ಲ, ನೆರಳಿಲ್ಲ. ಹದಿನಾಲ್ಕರ ಹುಡುಗಿಯನ್ನು ಕರೆದುಕೊಂಡು ಹತ್ತು ರಾತ್ರಿ ಹಾಗೆ ಕಳೆಯುವುದು ಕಷ್ಟ. ಮೂರನೆಯ ದಿನ ಸ್ನಾನಕ್ಕಾಗಿಯೇ ಕೋಣೆ ಹಿಡಿಯುತ್ತೀರಿ.

ಇದಕ್ಕೆ ಬದಲು ಕಡಲಿನಿಂದ ಒಂದೆರಡು ಕಿಲೋಮೀಟರ್ ಒಳಗಿರುವ ಸಾದಾ ಕ್ಯಾಂಪಿಂಗ್ ಜಾಗ ಹುಡುಕಿ. ಕಡಲು ಕಾಣುವ ಜಾಗಕ್ಕೂ ಒಳಗಿನದಕ್ಕೂ ದರದಲ್ಲಿ ದೊಡ್ಡ ಅಂತರ ಇರುವುದು ಸಾಮಾನ್ಯ, ಮರಗಳ ಮರೆಯಲ್ಲಿ ಗಾಳಿಯೂ ಕಡಿಮೆ. ಸೈಕಲ್ ಇರುವವರಿಗೆ ಒಂದೆರಡು ಕಿಲೋಮೀಟರ್ ಹತ್ತು ನಿಮಿಷದ ಮಾತು. ಸೈಕಲ್ಲಿನಲ್ಲಿ ಬಂದವರಿಗೆ ಪ್ರತ್ಯೇಕ ದರ ಇದೆಯೇ ಎಂದು ಮರೆಯದೆ ಕೇಳಿ. ಕ್ಯಾಲಿಫೋರ್ನಿಯಾ, ಒರೆಗಾನ್ ಕರಾವಳಿಯ ಹಲವು ಸ್ಟೇಟ್ ಪಾರ್ಕುಗಳಲ್ಲಿ ನಡೆದು ಅಥವಾ ಸೈಕಲ್ಲಿನಲ್ಲಿ ಬರುವವರಿಗೆಂದೇ ಕಡಿಮೆ ದರದ ಜಾಗ ಮೀಸಲಿಟ್ಟಿರುತ್ತಾರೆ. ಬೇರೆಡೆಯೂ ಕಾರು ನಿಲ್ಲಿಸುವ ಜಾಗ ಬೇಡ ಎಂದರೆ ದರ ಇಳಿಯುವುದುಂಟು.

ಸೀಸನ್ ಅಲ್ಲದಾಗ ಅರ್ಧ ದರ ಎಂಬುದು ಅರ್ಧ ನಿಜ. ದರ ಏಕೆ ಇಳಿದಿದೆ ಎಂಬ ಕಾರಣ ತಿಳಿದುಕೊಳ್ಳಬೇಕು. ಶಾಲೆಗಳು ತೆರೆದು ಜನ ಕಡಿಮೆಯಾದರು ಎಂಬುದಷ್ಟೇ ಕಾರಣವಾದರೆ ಅದು ನಿಮಗೆ ಲಾಭ. ನೀರು ನಿಧಾನವಾಗಿ ಕಾದು ನಿಧಾನವಾಗಿ ಆರುವುದರಿಂದ, ಬೇಸಿಗೆ ಚಳಿಗಾಲ ಸ್ಪಷ್ಟವಾಗಿರುವ ದೇಶಗಳಲ್ಲಿ ಬೇಸಿಗೆ ಮುಗಿದ ಮೊದಲ ವಾರಗಳಲ್ಲೂ ಕಡಲು ಬೆಚ್ಚಗಿರುತ್ತದೆ, ಜನಜಂಗುಳಿ ಇರುವುದಿಲ್ಲ. ನಾನು ಆರಿಸುವುದಾದರೆ ಆ ವಾರಗಳನ್ನೇ ಆರಿಸುತ್ತೇನೆ. ಚಂಡಮಾರುತವೋ ಮಳೆಗಾಲವೋ ಕಾರಣವಾಗಿದ್ದರೆ ಆ ಅಗ್ಗದ ದರಕ್ಕೆ ಕೈಯೊಡ್ಡಬೇಡಿ. ಅಟ್ಲಾಂಟಿಕ್ ಮತ್ತು ಕೆರಿಬಿಯನ್ ಕಡೆ ಚಂಡಮಾರುತದ ಕಾಲ ಎಂದು ಲೆಕ್ಕ ಹಿಡಿಯುವುದು ಜೂನ್ 1ರಿಂದ ನವೆಂಬರ್ 30ರವರೆಗೆ. ಟೆಂಟಿನಲ್ಲಿ ಮಲಗುವವರಿಗೆ ಆ ರಿಯಾಯಿತಿ ರಿಯಾಯಿತಿಯೇ ಅಲ್ಲ. ಸೀಸನ್ ಮುಗಿದ ಮೇಲೆ ಕ್ಯಾಂಪಿಂಗ್ ಜಾಗಗಳು ಬಾಗಿಲು ಹಾಕುತ್ತವೆ, ಅಳಿವೆ ದಾಟಿಸುವ ದೋಣಿ ನಿಲ್ಲುತ್ತದೆ ಎಂಬುದೂ ನೆನಪಿರಲಿ. ಹತ್ತು ನಿಮಿಷದ ದೋಣಿ ಇಲ್ಲವೆಂದರೆ ಸೇತುವೆ ಇರುವ ಕಡೆಯಿಂದ ಸುತ್ತಿ ಬರಲು ಅರ್ಧ ದಿನ ಬೇಕಾಗಬಹುದು. ಹೊರಡುವ ವಾರದ ದೋಣಿ ವೇಳಾಪಟ್ಟಿಯನ್ನು ಫೋನ್ ಮಾಡಿಯೇ ಖಾತ್ರಿ ಮಾಡಿಕೊಳ್ಳಿ.

ಈಗ ನಿಮ್ಮ ಮುಂದಿರುವ ದಾರಿಗಳು. ಮೊದಲನೆಯದು, 600 ಕಿ.ಮೀ. ಪೂರ್ತಿ ಹೋಗುವುದು. ಇಡೀ ಕರಾವಳಿ ನೋಡಿದ ತೃಪ್ತಿ ಸಿಗುತ್ತದೆ, ಆದರೆ ನಿಲ್ಲಲು ಬಿಡುವಿಲ್ಲ, ಒಂದು ದಿನ ಕೆಟ್ಟರೆ ಉಳಿದವೂ ಕೆಡುತ್ತವೆ. ಮೂವರಲ್ಲಿ ಯಾರಿಗೂ ಭಾರ ಹೊತ್ತು ದಿನಗಟ್ಟಲೆ ತುಳಿದ ಅಭ್ಯಾಸ ಇಲ್ಲದಿದ್ದರೆ ನಾನು ಬೇಡ ಎನ್ನುತ್ತೇನೆ.

ಎರಡನೆಯದು, ನಾನು ಮೊದಲೇ ಹೇಳಿದ 200ರಿಂದ 250 ಕಿ.ಮೀ. ಹತ್ತು ದಿನದಲ್ಲಿ ಹೋಗಲು ಬರಲು ಎರಡು ದಿನ, ಬರಿದೇ ಕೂರಲು ಎರಡು ದಿನ, ಸೈಕಲ್ ತುಳಿಯಲು ಆರು ದಿನ. ದಿನಕ್ಕೆ 40ರ ಆಸುಪಾಸು. ಆ ಎರಡು ಬಿಡುವಿನ ದಿನಗಳನ್ನು ಮೊದಲೇ ಇಂಥ ದಿನ ಎಂದು ಗೊತ್ತು ಮಾಡಬೇಡಿ, ಮಳೆಗೋ ಗಾಳಿಗೋ ಮಗಳ ಸುಸ್ತಿಗೋ ಇರಲಿ. ಇಲ್ಲಿರುವ ತೊಡಕು ವಾಪಸು ಬರುವುದು. ಶುರುವಾದ ಜಾಗ ಒಂದು, ಮುಗಿಯುವ ಜಾಗ ಇನ್ನೊಂದು, ನಡುವೆ ಮೂರು ಸೈಕಲ್. ಸೈಕಲ್ ಹತ್ತಿಸಿಕೊಳ್ಳುವ ರೈಲೋ ಬಸ್ಸೋ ಇರುವ ಊರಿನಲ್ಲೇ ಪ್ರವಾಸ ಮುಗಿಯಬೇಕು. ಅದು ಖಾತ್ರಿಯಾದ ಮೇಲೆಯೇ ಬೇರೆ ಏನನ್ನಾದರೂ ಬುಕ್ ಮಾಡಿ. ನಡುವೆಯೂ ಎರಡು ದಿನಕ್ಕೊಮ್ಮೆಯಾದರೂ ಅಂಥ ನಿಲ್ದಾಣವಿರುವ ಊರು ಸಿಗುವಂತೆ ದಾರಿ ಹಾಕಿಕೊಳ್ಳಿ. ಕಡಲ ರಸ್ತೆಗಳು ಕುಸಿಯುವುದು ಅಪರೂಪವಲ್ಲ. ಕ್ಯಾಲಿಫೋರ್ನಿಯಾದ ಬಿಗ್ ಸರ್ ಬಳಿ 2017ರ ಮೇ ತಿಂಗಳಲ್ಲಿ ಗುಡ್ಡ ಜರಿದು ಮುಚ್ಚಿಹೋದ ಹೆದ್ದಾರಿ ಮತ್ತೆ ತೆರೆದದ್ದು 2018ರ ಜುಲೈನಲ್ಲಿ. ಒಂದೆಡೆ ಗುಡ್ಡ, ಇನ್ನೊಂದೆಡೆ ಕಡಲು ಇರುವಲ್ಲಿ ಬಳಸುದಾರಿ ಎಂದರೆ ಬಹಳ ಹಿಂದಕ್ಕೆ ಹೋಗಿ ಬೇರೆ ಕಣಿವೆ ಹಿಡಿಯುವುದು.

ಮೂರನೆಯದು, ಎರಡು ಕಡೆ ಮಾತ್ರ ಬೀಡು ಬಿಟ್ಟು, ಅಲ್ಲಿಂದ ದಿನಾ ಬರಿಗೈಯಲ್ಲಿ ಸುತ್ತಿ ಸಂಜೆ ಅದೇ ಟೆಂಟಿಗೆ ಮರಳುವುದು. ಖರ್ಚಿನಲ್ಲಿ ಇದು ಎಲ್ಲಕ್ಕಿಂತ ಕಡಿಮೆ. ನಾಲ್ಕೈದು ರಾತ್ರಿ ಒಂದೇ ಕಡೆ ಇರುವುದಾದರೆ ದರ ಇಳಿಸಿ ಎಂದು ಕೇಳಬಹುದು, ಸಾಮಾನು ಒಟ್ಟಿಗೆ ಕೊಳ್ಳಬಹುದು, ಭಾರ ಹೊರುವ ದಿನಗಳು ಎರಡೋ ಮೂರೋ ಅಷ್ಟೇ. ಆದರೆ ದಿನಾ ಹೊಸ ಊರು ತಲುಪುವ ಸುಖ ಇದರಲ್ಲಿ ಇಲ್ಲ, ಮಕ್ಕಳಿಗೆ ಅದು ಮುಖ್ಯ. ಹಾಗಾಗಿ ನಿಮಗೆ ನಾನು ಹೇಳುವುದು ಎರಡನೆಯದನ್ನೇ, ಅದರ ನಡುವೆ ಎಲ್ಲಿ ಮನಸ್ಸು ನಿಲ್ಲುತ್ತದೋ ಅಲ್ಲಿ ಎರಡು ರಾತ್ರಿ ಉಳಿಯುವಂತೆ. ಮೊದಲ ಎರಡು ದಿನದಲ್ಲಿ ತುಳಿಯುವುದು ಕಷ್ಟ ಎನಿಸಿದರೆ ಹಿಂಜರಿಯದೆ ಮೂರನೆಯದಕ್ಕೆ ಬದಲಾಯಿಸಿಕೊಳ್ಳಿ. ಕಡಿಮೆ ದೂರದ ಯೋಜನೆಯಲ್ಲಿ ಈ ಬದಲಾವಣೆಗೆ ಅವಕಾಶ ಇರುತ್ತದೆ.

ಸಾಮಾನಿನ ಬೆಲೆಯ ಬಗ್ಗೆ ನಿಮಗಿರುವ ಹೆದರಿಕೆ ಇಲ್ಲೇ ಅರ್ಧ ಕರಗಬೇಕು. ಹಗುರ ಟೆಂಟ್, ಹಗುರ ಸ್ಲೀಪಿಂಗ್ ಬ್ಯಾಗ್ ದುಬಾರಿಯಾಗುವುದು ಅವುಗಳ ತೂಕ ಇಳಿಸಿರುವುದರಿಂದ. ದಿನಕ್ಕೆ 75 ಕಿ.ಮೀ. ಹೋಗುವವರಿಗೆ ಒಂದೊಂದು ಕಿಲೋ ಲೆಕ್ಕ, 40 ಹೋಗುವವರಿಗೆ ಸಾಧಾರಣ ಟೆಂಟ್ ಸಾಕು. ನೆಂಟರಿಷ್ಟರಲ್ಲಿ ಯಾರದಾದರೂ ಇದ್ದರೆ ಕೇಳಿ, ಇಲ್ಲವೇ ಬಾಡಿಗೆಗೆ ತನ್ನಿ. ಹಣ ಹಾಕಲೇಬೇಕಾದದ್ದು ಮೂರು ಕಡೆ: ನೆಲದ ತಂಪು ಮೈಗೇರದಂಥ ಮ್ಯಾಟ್, ಭಾರಕ್ಕೆ ಅಲುಗದ ಗಟ್ಟಿ ಕ್ಯಾರಿಯರ್, ಹೊಸ ಟಯರ್. ಏರಿಗೆ ಸಣ್ಣ ಗೇರ್ ಇಲ್ಲದ ಸೈಕಲ್ ಆದರೆ ಹೊರಡುವ ಮುನ್ನ ಮೆಕ್ಯಾನಿಕ್‌ಗೆ ತೋರಿಸಿ ಹಿಂಬದಿಯ ಗೇರ್ ಚಕ್ರಗಳನ್ನು ಬದಲಾಯಿಸಬಹುದೇ ಕೇಳಿ. ಜಲನಿರೋಧಕ ಬ್ಯಾಗಿನ ಬದಲು ಸಾಮಾನ್ಯ ಬ್ಯಾಗಿನೊಳಗೆ ದಪ್ಪ ಪ್ಲಾಸ್ಟಿಕ್ ಚೀಲ ಇಟ್ಟು ಬಾಯಿ ಮಡಚಿ ಕಟ್ಟಿದರೂ ಬಟ್ಟೆ ಒಣಗಿಯೇ ಇರುತ್ತದೆ. ಒಲೆಯ ಗ್ಯಾಸ್ ಡಬ್ಬಿಯನ್ನು ವಿಮಾನದಲ್ಲಿ ಒಯ್ಯಲು ಬಿಡುವುದಿಲ್ಲ, ಅಲ್ಲಿಗೆ ಹೋದ ಮೇಲೆ ಕೊಳ್ಳುವ ಲೆಕ್ಕ ಇಟ್ಟುಕೊಳ್ಳಿ.

ಸಡಿಲ ಮರಳಿನಲ್ಲಿ ಟೆಂಟಿನ ತೆಳು ಗೂಟಗಳು ನಿಲ್ಲುವುದಿಲ್ಲ. ಹೊಸ ಗೂಟ ಕೊಳ್ಳಬೇಡಿ. ಒಂದೊಂದು ಚೀಲಕ್ಕೆ ಮರಳು ತುಂಬಿ, ಟೆಂಟಿನ ಹಗ್ಗವನ್ನು ಅದರ ಕುತ್ತಿಗೆಗೆ ಬಿಗಿದು, ಮೊಣಕೈ ಆಳದ ಗುಂಡಿಯಲ್ಲಿ ಇಟ್ಟು ಮೇಲೆ ಮರಳೆಳೆದು ತುಳಿಯಿರಿ. ಗಾಳಿ ಎಳೆದಷ್ಟೂ ಅದು ಅಲುಗುವುದಿಲ್ಲ. ಬೆಳಿಗ್ಗೆ ಚೀಲ ಖಾಲಿ ಮಾಡಿದರೆ ಮುಗಿಯಿತು. ಉಪ್ಪಿನ ಗಾಳಿ ಸೈಕಲ್ಲಿನ ಚೈನಿಗೆ ಶತ್ರು, ಮರಳು ಅದರ ಜತೆಗಾರ. ದಿನಾ ಸಂಜೆ ಸಿಹಿನೀರಲ್ಲಿ ಅದ್ದಿದ ಬಟ್ಟೆಯಿಂದ ಚೈನ್ ಒರೆಸಿ, ಒಣಗಿದ ಮೇಲೆ ಎರಡು ತೊಟ್ಟು ಎಣ್ಣೆ ಬಿಟ್ಟು ಹೆಚ್ಚಿನದನ್ನು ಒರೆಸಿಬಿಡಿ. ಎಣ್ಣೆ ಜಿನುಗುವ ಚೈನಿಗೆ ಮರಳು ಅಂಟಿ ಹಲ್ಲುಗಳನ್ನು ಸವೆಸುತ್ತದೆ. ಟೆಂಟಿನ ಜಿಪ್‌ಗೂ ಅಷ್ಟೇ, ಮರಳು ಸಿಕ್ಕಿದಾಗ ಎಳೆದಾಡದೆ ಮೊದಲು ತೊಳೆಯಿರಿ.

ಬಿಸಿಲನ್ನು ಹಗುರವಾಗಿ ತೆಗೆದುಕೊಳ್ಳಬೇಡಿ. ಒಣಮರಳು ಅತಿನೇರಳೆ ಕಿರಣದ ಸುಮಾರು ಶೇ 15ನ್ನೂ ಕಡಲ ನೊರೆ ಸುಮಾರು ಶೇ 25ನ್ನೂ ಮೇಲಕ್ಕೆ ಪ್ರತಿಫಲಿಸುತ್ತವೆ, ಹಾಗಾಗಿ ಟೋಪಿ ಇದ್ದರೂ ಕೆಳಗಿನಿಂದ ಮುಖ ಸುಡುತ್ತದೆ. ತಣ್ಣನೆ ಗಾಳಿಯಲ್ಲಿ ಅದು ಗೊತ್ತಾಗುವುದು ರಾತ್ರಿಯೇ. ತಲಾ ಮೂರ್ನಾಲ್ಕು ಲೀಟರ್ ಕುಡಿಯುವ ನೀರು ದಿನಕ್ಕೆ ಬೇಕು, ಊರು ಬಿಡುವಾಗಲೇ ತುಂಬಿಸಿಕೊಳ್ಳಿ.

ಈಜಿನ ವಿಷಯದಲ್ಲಿ ಒಂದೇ ಒಂದು ತಪ್ಪು ತಿಳಿವಳಿಕೆ ಹಲವರ ಪ್ರಾಣ ತೆಗೆದಿದೆ. ಅಲೆ ಒಡೆಯದೆ ಶಾಂತವಾಗಿ, ಕೊಂಚ ಗಾಢ ಬಣ್ಣದಲ್ಲಿ ಕಾಣುವ ಪಟ್ಟಿ ಇಳಿಯಲು ಸುರಕ್ಷಿತ ಎಂದು ಜನ ಭಾವಿಸುತ್ತಾರೆ. ದಡಕ್ಕೆ ಬಂದ ನೀರು ಕಡಲಿಗೆ ಮರಳುವ ಸೆಳೆತ ಇರುವುದು ಹೆಚ್ಚಾಗಿ ಅಲ್ಲೇ. ಅದರಲ್ಲಿ ಸಿಕ್ಕರೆ ದಡದತ್ತ ಹೋರಾಡಬಾರದು, ತೇಲುತ್ತಾ ಕೈಯೆತ್ತಿ ಸಹಾಯ ಕೇಳಬೇಕು, ಈಜಬಲ್ಲವರು ದಡಕ್ಕೆ ಸಮಾನಾಂತರವಾಗಿ ಈಜಿ ಸೆಳೆತದಿಂದ ಹೊರಬಂದು ಆಮೇಲೆ ದಡಕ್ಕೆ ತಿರುಗಬೇಕು. ಜೀವರಕ್ಷಕರು ಇರುವ, ಕೆಂಪು-ಹಳದಿ ಬಾವುಟಗಳ ನಡುವಿನ ಜಾಗದಲ್ಲಿ ಮಾತ್ರ ಮೂವರೂ ನೀರಿಗಿಳಿಯಿರಿ.

ಹಣವನ್ನು ಹೀಗೆ ಹಂಚಿಕೊಳ್ಳಿ. ಒಟ್ಟು ಮೊತ್ತದಲ್ಲಿ ಹೋಗಿಬರುವ ಪ್ರಯಾಣದ್ದನ್ನು ಮೊದಲು ತೆಗೆದಿಡಿ, ಸೈಕಲ್ ಸಾಗಿಸುವ ಶುಲ್ಕ ಸೇರಿಸಿ. ಉಳಿದುದರ ಐದನೆಯ ಒಂದು ಪಾಲನ್ನು ಮುಟ್ಟದೆ ಬದಿಗಿಡಿ, ದಾರಿಯ ಯಾವುದೇ ಜಾಗದಿಂದ ಒಂದು ರಾತ್ರಿ ಕೋಣೆ ಹಿಡಿದು ಮಾರನೆಯ ದಿನ ಮನೆಗೆ ಹೊರಡಲು ಅದು ಸಾಲುವಂತಿರಬೇಕು. ಮಿಕ್ಕಿದ್ದನ್ನು ದಿನಗಳಿಗೆ ಭಾಗಿಸಿ. ಆ ದಿನದ ಪಾಲಿನಲ್ಲಿ ಊಟ, ಟೆಂಟ್ ಜಾಗ, ದೋಣಿ ಎಲ್ಲವೂ ಆಗುವುದಿಲ್ಲ ಎಂದು ಕಂಡರೆ ಊಟ ಕಡಿಮೆ ಮಾಡಬೇಡಿ. ದಿನ ಕಡಿಮೆ ಮಾಡಿ, ಎಂಟೇ ದಿನಕ್ಕೆ 180 ಕಿ.ಮೀ. ಹೋಗಿ ಬನ್ನಿ.

ಕರಾವಳಿ ಯಾವುದೆಂದು ತೀರ್ಮಾನಿಸುವ ಮುನ್ನ ಒಂದು ಕೆಲಸ ಮಾಡಿ. ಪೂರ್ತಿ ಸಾಮಾನು ಹೇರಿಕೊಂಡು ಮನೆಯ ಹತ್ತಿರವೇ ಎಲ್ಲಾದರೂ ಒಂದು ರಾತ್ರಿ ಟೆಂಟಿನಲ್ಲಿ ಕಳೆದು ಬನ್ನಿ. ಹೋಗಲು 30 ಕಿ.ಮೀ., ಬರಲು 30. ಆ ದಿನ ಮಗಳು ಎಷ್ಟು ವೇಗದಲ್ಲಿ ಹೋದಳೋ ಅದೇ ನಿಮ್ಮ ಮೂವರ ವೇಗ, ಅದರ ಮೇಲೆ ದಿನದ ದೂರ ಲೆಕ್ಕ ಹಾಕಿ. ಮಾರನೆಯ ಬೆಳಿಗ್ಗೆ ಎದ್ದು, ಟೆಂಟ್ ಮಡಚಿ, ಸೈಕಲ್ ಹತ್ತುವವರೆಗೆ ಎಷ್ಟು ಹೊತ್ತು ಹಿಡಿಯಿತು ಎಂದು ಗಡಿಯಾರ ನೋಡಿ. ಮೊದಲ ಸಲ ಎರಡು ಗಂಟೆ ಆಗುವುದು ಸಹಜ, ಒಂದು ಗಂಟೆಗೆ ಇಳಿಯುವ ತನಕ ಮನೆಯ ಅಂಗಳದಲ್ಲೋ ಮಹಡಿಯ ಮೇಲೋ ಅಭ್ಯಾಸ ಮಾಡಿ. ವಾಪಸು ಬಂದ ಮೇಲೆ ಬ್ಯಾಗು ಸುರಿದು, ಬಳಸದೆ ಉಳಿದ ವಸ್ತುಗಳನ್ನು ಬೇರೆ ಇಡಿ. ಅದರಲ್ಲಿ ಔಷಧಿ, ಮಳೆಯಂಗಿ, ಪಂಕ್ಚರ್ ಸಾಮಾನು ಬಿಟ್ಟು ಉಳಿದದ್ದೆಲ್ಲ ಮನೆಯಲ್ಲೇ ಇರಲಿ.